ಮೇಲಿನ ತೋಳು, ಕೆಳಗಿನ ತೋಳು

ನವಲಿ
14 ನವೆಂಬರ್ 1938

ಕುಷ್ಟಗಿಯಲ್ಲಿರುವ ಮಗಳು ಹುಲಿಗವ್ವನಿಗೆ ತಂದೆ ಗಾಳೆಪ್ಪ ಹೇಳಿ ಬರೆಸಿದ್ದು.

ನಾವು ಚೆನ್ನಾಗಿದ್ದೇವೆ. ಜೋಳ ಮೊಳಕಾಲುದ್ದ ಬಂದಿದೆ. ನಿನ್ನವ್ವ ಪಕ್ಕೀರವ್ವನ ಸೊಂಟನೋವು ಹಾಗೇ ಇದೆ, ಅವಳ ಬಾಯಿಯೂ ಹಾಗೇ ಇದೆ. ಈ ಮಾತು ನಿನ್ನಪ್ಪನದು, ಬರೆಯುವ ನನ್ನದಲ್ಲ. ಅವನು ಹೇಳುವುದನ್ನು ಚಾವಡಿಯ ಅರ್ಜಿಯ ಕನ್ನಡಕ್ಕೆ ತಿರುಗಿಸುವುದಷ್ಟೇ ಈ ಮಲಿಕಸಾಬ ಕಾಕಾನ ಕೆಲಸ.

ಇನ್ನು ನಿನ್ನಪ್ಪನ ಮಾತು: ಮೂರು ವರ್ಷದ ಮೇಲೆ ಮತ್ತೆ ಬಿಲ್ಲಿಗೆ ಕೈ ಹಾಕಿದ್ದೇನೆ. ಅಟ್ಟದ ಮೇಲೆ ಒಣಗಲು ಇಟ್ಟಿದ್ದ ತಡಸಲು ಮರದ ಸೀಳೊಂದು ಉಳಿದಿತ್ತು. ಕುಬೇರಪ್ಪನ ಕೈಯಲ್ಲಿ ನನ್ನ ಬಿಲ್ಲು ಮುರಿದು ಅವನ ಬಾಯಿಗೆ ಬಡಿದ ಮೇಲೆ ಊರಲ್ಲಿ ಯಾರೂ ನನ್ನ ಹತ್ತಿರ ಬಿಲ್ಲು ಕೇಳಿಲ್ಲ. ಯುಗಾದಿಯ ಬೇಟೆಗೆ ಬೇರೆ ಊರುಗಳಿಂದ ತರುತ್ತಾರೆ. ಗಾಳೆಪ್ಪನ ಕೈ ಹೋಯಿತು ಎನ್ನುತ್ತಾರೆ. ಬರುವ ಯುಗಾದಿಗೆ ಊರ ಮುಂದೆ ಒಂದು ಬಿಲ್ಲನ್ನು ಕಿವಿಯವರೆಗೆ ಎಳೆಸಿ ತೋರಿಸಬೇಕೆಂದಿದ್ದೇನೆ.

ಎಳೆಯುವವನಿಗೆ ಬಿಲ್ಲು ಬಾಗುವುದು ಕಾಣುವುದಿಲ್ಲ, ಎದುರು ನಿಂತವರಿಗೇ ಕಾಣುವುದು. ನೀನು ಎಂಟು ವರ್ಷದವಳಿದ್ದಾಗಿನಿಂದ ಹತ್ತು ವರ್ಷ ನಾನು ಎಳೆದೆ, ನೀನು ನೋಡಿದೆ. ಬಿಲ್ಲಿನ ಮೇಲಿನ ತೋಳು ಬಿಗಿ, ಕೆಳಗಿನದು ಸಡಿಲ ಎಂದು ನೀನು ಹೇಳಿದ ಕಡೆ ಹೆರೆದೆ. ಈಗ ನಿನ್ನ ಕಣ್ಣನ್ನು ಟಪಾಲಿನಲ್ಲಿ ತರಿಸಲು ಬರುವುದಿಲ್ಲವಲ್ಲ, ಅದಕ್ಕೇ ದಾರ ಕಳಿಸುತ್ತಿದ್ದೇನೆ. ಅಂಗಳದ ಬೇವಿನ ಮರದ ಗೂಟಕ್ಕೆ ಬಿಲ್ಲು ಹಾಕಿ, ಹಗ್ಗದಿಂದ ಹೆದೆಯನ್ನು ಅರ್ಧ ಎಳೆದು, ಹಿಡಿಯಿಂದ ತುದಿಯವರೆಗೆ ಗೇಣಿಗೊಂದರಂತೆ ಬಿಲ್ಲಿಗೂ ಹೆದೆಗೂ ಇರುವ ಅಂತರವನ್ನು ಅಳೆದು ಗಂಟು ಹಾಕಿದ್ದೇನೆ. ಬಿಳಿ ದಾರ ಮೇಲಿನ ತೋಳಿನದು, ಕೆಂಪು ದಾರ ಕೆಳಗಿನದು. ಎಲ್ಲಿ ಹೆರೆಯಬೇಕು, ನೋಡಿ ಬರೆ.

ಗಾಳೆಪ್ಪ, ಹೆಬ್ಬೆಟ್ಟಿನ ಗುರುತು
ಬರೆದವನು ಮಲಿಕಸಾಬ


ಕುಷ್ಟಗಿ
2 ಡಿಸೆಂಬರ್ 1938

ಅಪ್ಪನಿಗೆ ಹುಲಿಗವ್ವನ ಶರಣು.

ಪತ್ರ, ದಾರ ಎರಡೂ ತಲುಪಿದವು. ಲಕೋಟೆ ಒಡೆದಾಗ ಅತ್ತೆ ಪಕ್ಕದಲ್ಲೇ ಇದ್ದರು. “ಎಲ್ಲಾರ ತವರಿನವರು ಸೀರಿ ಕಳಸ್ತಾರ, ನಿಮ್ಮಪ್ಪ ದಾರ ಕಳಸ್ಯಾನ. ಇನ್ನ ನೇಯ್ಕೋ,” ಎಂದರು. ಬೈದದ್ದಲ್ಲ, ನಗುತ್ತ ಹೇಳಿದ್ದು.

ಎರಡು ದಿನ ನಾನು ದಾರ ಮುಟ್ಟಲಿಲ್ಲ. ಮೂರನೆಯ ದಿನ ಹೊಸ್ತಿಲ ಮೇಲೆ ಎರಡನ್ನೂ ಜೋಡಿಸಿ ಹಾಸಿದೆ. ಕೆಂಪು ದಾರದ ಮೂರನೆಯ ಅಂತರ ಬಿಳಿಯದಕ್ಕಿಂತ ಅರ್ಧ ಬೆರಳು ಗಿಡ್ಡ ಇದೆ. ಕೆಳಗಿನ ತೋಳು ಮೂರನೆಯ ಗೇಣಿನಲ್ಲಿ ಬಿಗಿ. ದಾರ ಹಾಗೆ ಹೇಳುತ್ತದೆ, ನಾನು ಹೇಳುತ್ತಿಲ್ಲ. ನನ್ನ ಮಾತಿನ ಮೇಲೆ ಮರಕ್ಕೆ ಕಬ್ಬಿಣ ಹಚ್ಚಬೇಡ. ಒಮ್ಮೆ ಹೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಅಲ್ಲಿಯೇ ಯಾರನ್ನಾದರೂ ಎದುರು ನಿಲ್ಲಿಸಿ ನೋಡಿಸು.

ಹಗ್ಗ ಎಳೆಯುವವರು ಯಾರು? ಅವರು ಬಿಲ್ಲಿನ ಸಾಲಿನಲ್ಲಿ ನಿಲ್ಲದೆ ಬದಿಗೆ ನಿಲ್ಲಲಿ.

ಅವ್ವನ ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಹಚ್ಚಿರಿ.

ಹುಲಿಗವ್ವ


ನವಲಿ
28 ಡಿಸೆಂಬರ್ 1938

ಹುಲಿಗವ್ವನಿಗೆ ಅಪ್ಪ ಬರೆಸಿದ್ದು.

ಮೂರನೆಯ ಗೇಣಿನಲ್ಲಿ ಗಾಜಿನ ಚೂರಿನಿಂದ ಹೆರೆದೆ. ತೋಳು ಮಾತು ಕೇಳಿತು. ಆಮೇಲೆ ತುದಿಗಳಿಗೆ ಔಡಲೆಣ್ಣೆ ಸವರಿ, ಜಾಲಿ ಕೆಂಡದ ಮೇಲೆ ಕಾಯಿಸಿ, ಎಳೆಯುವ ದಿಕ್ಕಿಗೆ ವಿರುದ್ಧವಾಗಿ ನಾಲ್ಕು ಬೆರಳು ಬಾಗಿಸಿ ಹಲಗೆಗೆ ಬಿಗಿದು ಎಂಟು ದಿನ ಬಿಟ್ಟೆ. ಹೆದೆ ಬಿಚ್ಚಿಟ್ಟರೆ ಬಿಲ್ಲು ಈಗ ಮುನಿಸಿಕೊಂಡವರ ಹಾಗೆ ಆಚೆ ಮುಖ ಮಾಡಿ ಕೂರುತ್ತದೆ. ನಿನ್ನವ್ವ ನೋಡಿ, “ಹೊಡಿಯೂದು ಹಂದಿಗೋ ನಿನಗೋ?” ಎಂದಳು. ಹೀಗೆ ತುದಿ ತಿರುಗಿಸಿದರೆ ಗಿಡ್ಡ ಬಿಲ್ಲೂ ದೂರ ಹೊಡೆಯುತ್ತದೆ. ಆದರೆ ಒಂದು ಕೂದಲೆಳೆ ಹೆಚ್ಚುಕಡಿಮೆ ಆದರೂ ತಾಳುವುದಿಲ್ಲ. ಹೊಸ ದಾರ ಇಟ್ಟಿದ್ದೇನೆ.

ನನ್ನ ಭುಜ ಈಗ ಎಳೆತ ತಾಳುವುದಿಲ್ಲ. ಹಗ್ಗ ಎಳೆಯಲು ಒಬ್ಬ ಬರುತ್ತಾನೆ. ಬದಿಗೇ ನಿಲ್ಲುತ್ತಾನೆ.

ಗಾಳೆಪ್ಪ, ಹೆಬ್ಬೆಟ್ಟು

ಮಗಳೇ, ಇನ್ನು ಮುಂದಿನದು ನನ್ನ ಮಾತು. ನಿನ್ನಪ್ಪ ಎಲೆ ಅಡಿಕೆಗೆಂದು ಒಳಗೆ ಹೋಗಿದ್ದಾನೆ. ಕೆಂಪು ದಾರ ಗಿಡ್ಡ ಎಂಬುದು ಅರ್ಜಿ ಬರೆಯುವ ನನಗೂ ಕಾಣುತ್ತದೆ. ಅವನಿಗೆ ಕಾಣದೇ? ಆದರೂ ನಿನ್ನ ಪತ್ರ ಬರುವವರೆಗೆ ಮೂರು ವಾರ ಅವನು ಬಿಲ್ಲಿಗೆ ಕೈ ಹಚ್ಚಲಿಲ್ಲ. ನಾನು ಕೇಳಿದರೆ, “ಆಕಿ ಹೇಳಲಿ, ಮಲಿಕ. ಆಕಿ ಹೇಳದ ಕೆಲಸ ನನಗ ಒಗ್ಗೂದಿಲ್ಲ,” ಎಂದ. ಮದುವೆಯಾದ ಮೇಲೆ ನೀನು ಒಂದು ಸಲವೂ ಇತ್ತ ಬಂದಿಲ್ಲ. ಯಾಕೆಂದು ನಾನು ಕೇಳುವುದಿಲ್ಲ. ಅವನೂ ಕೇಳುವುದಿಲ್ಲ. ಇಕೋ, ಬಂದ.

ಮಲಿಕಸಾಬ


ಕುಷ್ಟಗಿ
19 ಜನವರಿ 1939

ಅಪ್ಪನಿಗೆ,

ಹೊಸ ದಾರಗಳ ವಿಷಯ ಮೊದಲು. ಮೇಲಿನ ತೋಳಿನ ಎರಡನೆಯ ಗೇಣಿನಲ್ಲಿ ಒಂದು ಎಳ್ಳಿನಷ್ಟು ಬಿಗಿ ಇದೆ. ಉಳಿದದ್ದು ಸರಿಯಾಗಿದೆ. ಇದನ್ನು ನಾಲ್ಕು ದಿನ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಅಳೆದು ಹೇಳುತ್ತಿದ್ದೇನೆ.

ಇನ್ನೊಂದು ಮಾತಿದೆ. ನಾಲ್ಕು ಸಲ ಬರೆದು ಹರಿದೆ.

ಕುಬೇರಪ್ಪನಿಗೆಂದು ಮಾಡಿದ ಬಿಲ್ಲನ್ನು ನೀನು ಕೊನೆಯ ಸಲ ಎಳೆದು ನೋಡಿದ ದಿನ ನೆನಪಿದೆಯೇ? ಕುಷ್ಟಗಿಯಿಂದ ನನ್ನನ್ನು ನೋಡಲು ಬಂದಿದ್ದರು. ಒಳಗಿನಿಂದ ಅವ್ವ ಸೀರೆ ಬದಲಿಸಲು ಕರೆಯುತ್ತಿದ್ದಳು. ನೀನು ಅಂಗಳದಲ್ಲಿ ಬಿಲ್ಲು ಎಳೆದು ನಿಂತು, “ನೋಡು ಯವ್ವಾ, ಸಮ ಐತೇನು?” ಎಂದೆ. ನಾನು ಹೆಂಗಸರು ದಾಟದ ಬೂದಿಯ ಗೆರೆಯಾಚೆ, ಯಾವಾಗಲೂ ನಿಲ್ಲುವ ಜಾಗದಲ್ಲೇ ನಿಂತಿದ್ದೆ. ಆದರೆ ನೋಡುತ್ತಿದ್ದದ್ದು ಬಾಗಿಲನ್ನು. ಬಂದವರ ಚಪ್ಪಲಿಗಳನ್ನು. ಅವುಗಳಲ್ಲಿ ನಮ್ಮ ಮನೆಯವರದು ಯಾವುದು ಎಂದು. ತಿರುಗಿ ನೋಡದೆಯೇ “ಸಮ ಐತಿ ಅಪ್ಪಾ” ಎಂದುಬಿಟ್ಟೆ.

ಹಿಂದಿನ ದಿನವೇ ಮೇಲಿನ ತೋಳು ನಡುವೆ ಒಂದೇ ಕಡೆ ಮಡಚುತ್ತಿದೆ ಎಂಬ ಅನುಮಾನ ನನಗಿತ್ತು. ಕೆಳಗಿನದನ್ನು ಇನ್ನಷ್ಟು ಹೆರೆದು ಹಗುರ ಮಾಡಿದ್ದರೆ ಉಳಿಯುತ್ತಿತ್ತೋ ಏನೋ. ಮರುದಿನ ಅದು ಅಲ್ಲೇ ಮುರಿಯಿತು. ಕುಬೇರಪ್ಪನ ಮೂರು ಹಲ್ಲು ಹೋದವು, ದವಡೆ ಸೊಟ್ಟಗಾಯಿತು. ಬಯಲಾಟದಲ್ಲಿ ಅವನ ಮಾತು ಕೇಳಲು ಸುತ್ತಲಿನ ಊರವರು ಬರುತ್ತಿದ್ದರು. ಊರು ನಿನ್ನ ಕೈಯನ್ನು ಬೈಯಿತು. ನೀನು ಸುಮ್ಮನಿದ್ದೆ. ನಾನೂ ಸುಮ್ಮನಿದ್ದು, ತಿಂಗಳೊಪ್ಪತ್ತಿನಲ್ಲಿ ಅರಿಸಿಣ ಹಚ್ಚಿಸಿಕೊಂಡು ಗಾಡಿ ಹತ್ತಿ ಬಂದೆ.

ಹೋದದ್ದು ನಿನ್ನ ಕೈಯಲ್ಲ, ನನ್ನ ಕಣ್ಣು. ಇದನ್ನು ತಿಳಿದ ಮೇಲೂ ನಿನಗೆ ನನ್ನ ಮಾತು ಬೇಕಾದರೆ ದಾರ ಕಳಿಸು. ಬೇಡವಾದರೆ ಕಳಿಸಬೇಡ.

ಹುಲಿಗವ್ವ

ಕಾಕಾ, ಅಪ್ಪ ಒಬ್ಬನೇ ಇದ್ದಾಗ ಇದನ್ನು ಓದಿರಿ. ಮೊದಲೇ ಬರೆಯಬೇಕಿತ್ತು, ಹಾಳೆ ತುಂಬಿದ ಮೇಲೆ ಹೊಳೆಯಿತು.


ನವಲಿ
5 ಫೆಬ್ರವರಿ 1939

ಮಗಳೇ,

ಈ ಪತ್ರ ನನ್ನದೇ. ನಿನ್ನಪ್ಪ ಹೇಳಿ ಬರೆಸಿದ್ದಲ್ಲ.

ನನ್ನಿಂದ ತಪ್ಪಾಗಿದೆ. ಪತ್ರವನ್ನು ನಾನು ಮೊದಲು ಕಣ್ಣಾಡಿಸಿ ಓದುವವನಲ್ಲ, ಒಡೆದ ಕೂಡಲೇ ಗಟ್ಟಿಯಾಗಿ ಶುರುಮಾಡುವವನು. ಮೂವತ್ತು ವರ್ಷ ಚಾವಡಿಯಲ್ಲಿ ಹಾಗೇ ಓದಿದ್ದೇನೆ. ನಿನ್ನ ಪತ್ರವನ್ನೂ ಬೇವಿನ ಮರದ ಕೆಳಗೆ ಹಾಗೇ ಓದಿದೆ. ಒಬ್ಬನಿಗೇ ಓದಿರಿ ಎಂಬ ಮಾತು ನನಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ.

ಅಲ್ಲಿ ನಾವಿಬ್ಬರೇ ಇರಲಿಲ್ಲ. ಹಗ್ಗ ಹಿಡಿದು ಕುಬೇರಪ್ಪ ನಿಂತಿದ್ದ.

ಹೌದು, ದೀಪಾವಳಿ ಕಳೆದಾಗಿನಿಂದ ಹಗ್ಗ ಎಳೆಯುತ್ತಿರುವವನು ಅವನೇ. ಒಂದು ದಿನ ತಾನಾಗಿಯೇ ಬಂದು, “ಗಾಳೆಪ್ಪಣ್ಣ, ನನ್ನ ಬಾಯಿ ನೋಡಿ ಊರು ನಿನಗ ಬೈತೈತಿ. ನನ್ನ ಕೈಯಿಂದನ ಊರ ಮುಂದ ಒಂದು ಬಿಲ್ಲು ಎಳಸು. ಎಲ್ಲಾರೂ ಸುಮ್ಮನಾಗ್ತಾರ,” ಎಂದಿದ್ದ. ಊರಲ್ಲಿ ನಕ್ಕಾರು, ನಿನಗೂ ತಿಳಿಸಬಾರದು ಎಂದು ಅವನೇ ಕೇಳಿಕೊಂಡಿದ್ದ. ಈಗ ಬಯಲಾಟದಲ್ಲಿ ಅವನಿಗೆ ರಾಕ್ಷಸನ ವೇಷ ಕೊಡುತ್ತಾರೆ. “ಮಾತು ಇಲ್ಲ ಕಾಕಾ, ಬರೇ ಆರ್ಭಟ. ಹಲ್ಲು ಇಲ್ಲದಾಂವಗ ಹೇಳಿ ಮಾಡಿಸಿದ ಪಾರ್ಟು,” ಎಂದು ನಗಿಸುತ್ತಿದ್ದ.

ನಾನು ಓದುವಾಗ ಬಿಲ್ಲು ಗೂಟದ ಮೇಲೆ ಅರ್ಧ ಎಳೆದಂತೆಯೇ ಇತ್ತು. ಅವನ ಹೆಸರು ಬಂದ ಕಡೆ ನಾನು ನಿಲ್ಲಬೇಕಿತ್ತು. ನಾಲಿಗೆ ನಿಲ್ಲಲಿಲ್ಲ. ಅವನು ಆಗ ಹಗ್ಗ ಕೈಬಿಟ್ಟಿದ್ದರೆ ಬಿಲ್ಲು ಅಲ್ಲೇ ಸೀಳುತ್ತಿತ್ತು. ಬಿಡಲಿಲ್ಲ. ಪೂರ್ತಿ ಕೇಳಿದ. ಆಮೇಲೆ ಕೈಮೇಲೆ ಕೈ ಹಾಕಿ ನಿಧಾನಕ್ಕೆ ಹಗ್ಗ ಸಡಿಲ ಮಾಡಿ, ಹೆದೆ ತನ್ನ ಜಾಗಕ್ಕೆ ಹೋದ ಮೇಲೆ ಮಾತಾಡಿದ.

“ಮೂರು ವರ್ಷ ನಾ ಮರದ ತಪ್ಪು ಅಂದ್ಕೊಂಡಿದ್ದೆ. ಮರಕ್ಕ ಏನಂತ ಬೈಯೂದು ಅಂತ ಸುಮ್ಮನಿದ್ದೆ.”

ನಿನ್ನಪ್ಪ ಎದ್ದು ನಿಂತ. “ಆಕಿಗೆ ಏನೂ ಅನಬ್ಯಾಡ, ಕುಬೇರ. ಎಳದ ಕೈಗೂ ಗೊತ್ತಾಗತೈತಿ. ನನಗ ಆವತ್ತು ಗೊತ್ತಾಗಿತ್ತು, ಮ್ಯಾಲಿನ ತೋಳಾಗ ಏನೋ ಸಣ್ಣಗ ಕುಸದಂಗ. ಬ್ಯಾಟಿ ಮರುದಿನಾನ ಇತ್ತು. ಮನ್ಯಾಗ ಬೀಗರು ಕುಂತಿದ್ರು. ಆಕಿ ಸಮ ಐತಿ ಅಂದ್ಲಲ್ಲ ಅಂತ ನನ್ನ ಕೈ ಮಾತು ನಾ ಕೇಳಲಿಲ್ಲ.”

ಕುಬೇರಪ್ಪ ಅವನ ಮುಖ ನೋಡಿದ. “ಹಂಗಾರ ನಿಮಗಿಬ್ಬರಿಗೂ ಗೊತ್ತಿತ್ತು. ಗೊತ್ತಿರಲಾರದಾಂವ ನಾ ಒಬ್ಬನ.”

ಹಗ್ಗವನ್ನು ಸುತ್ತಿ ಗೂಟಕ್ಕೆ ಹಾಕಿ ಹೋದ. ಆರು ದಿನವಾಯಿತು, ಬಂದಿಲ್ಲ. ದಾರಿಯಲ್ಲಿ ನಾನು ಸಲಾಮು ಮಾಡಿದೆ. ಮಾತಾಡಿಸಲಿಲ್ಲ.

ನಿನ್ನಪ್ಪ ಹೊಸ ದಾರ ಅಳೆಯಲು ಹೋಗಿ, ಎಳೆಯುವವರಿಲ್ಲದೆ, ಬರಿಯ ದಾರವನ್ನೇ ಕೈಯಲ್ಲಿ ಹಿಡಿದು ಕೂತಿದ್ದ. ಆದರೂ ನಿನಗೆ ಕಳಿಸು ಎಂದ. ಗಂಟಿಲ್ಲದ ಎರಡು ದಾರ ಇದರೊಳಗಿವೆ. ಅವನಿಗೆ ನಿನ್ನ ಮಾತು ಬೇಕು ಎಂದು ಇದರ ಅರ್ಥ. ಬೇರೆ ಅರ್ಥ ಮಾಡಿಕೊಳ್ಳಬೇಡ.

ಮಲಿಕಸಾಬ


ನವಲಿ
24 ಫೆಬ್ರವರಿ 1939

ಹುಲಿಗವ್ವನಿಗೆ ಅಪ್ಪ ಬರೆಸಿದ್ದು.

ನಿನ್ನೆ ಕುಬೇರಪ್ಪ ಬಂದಿದ್ದ. ಕೂತುಕೊ ಎಂದರೂ ಕೂರಲಿಲ್ಲ. ಯುಗಾದಿಗೆ ಬಿಲ್ಲು ಎಳೆಯುತ್ತೇನೆ, ಆದರೆ ಒಂದು ಕರಾರು ಎಂದ. ಅವನ ಬಾಯಿಂದ ಬಂದಂತೆಯೇ ಬರೆ ಎಂದು ಮಲಿಕನಿಗೆ ಹೇಳಿದ್ದೇನೆ.

“ಮೊದಲ ಆಕಿ ಬಂದು ಎಳೀಲಿ. ಆಕಿ ನಿಲ್ಲೂ ಜಾಗದಾಗ ನಾ ನಿಂತು ನೋಡತೀನಿ. ನಾ ಎಳಿ ಅಂದಷ್ಟು ಎಳೀಬೇಕು. ನಾ ಸಮ ಅಂದ್ರ ಕಿವಿತನಕ ಎಳೀಬೇಕು.”

ಹೆದೆ ಏರಿಸಿದ ಬಿಲ್ಲನ್ನು ನಮ್ಮ ಮನೆಯಲ್ಲಿ ಹೆಂಗಸರು ಮುಟ್ಟುವುದಿಲ್ಲ ಎಂದು ನಾನು ಹೇಳಿದೆ. ಅದಕ್ಕೇ ಆ ಬೂದಿಯ ಗೆರೆ, ನಮ್ಮಪ್ಪನ ಕಾಲದಿಂದಲೂ. ಅವನು ಬಾಯಿ ತೆರೆಯುವ ಮೊದಲೇ ನಿನ್ನವ್ವ ಒಳಗಿನಿಂದ, “ಹತ್ತು ವರ್ಷ ಆಕಿ ಕಣ್ಣು ಮುಟ್ಟಿ ಮುಟ್ಟಿ ನಿನ್ನ ಬಿಲ್ಲು ನೆಟ್ಟಗಾದ್ವು. ಆಗ ಮೈಲಿಗಿ ಆಗಲಿಲ್ಲ. ಈಗ ಕೈ ಮುಟ್ಟಿದ್ರ ಆಗತೈತೇನು?” ಎಂದಳು.

ಆದರೆ ನನ್ನ ಮಾತು ಕೇಳು, ಬರಬೇಡ. ಸೊಟ್ಟ ದವಡೆಯ ಮನುಷ್ಯನ ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಬಿಲ್ಲು ಮುರಿಯುವುದನ್ನು ಕಂಡೂ ಅವನು ಸಮ ಎಂದರೆ ನಿನಗೆ ತಿಳಿಯುವುದಿಲ್ಲ. ಬಿಲ್ಲು ಹಾಗೇ ಅಟ್ಟ ಸೇರಲಿ. ಊರು ಅನ್ನುವುದನ್ನು ಅನ್ನಲಿ, ನನಗೆ ರೂಢಿಯಾಗಿದೆ.

ಗಾಳೆಪ್ಪ, ಹೆಬ್ಬೆಟ್ಟು


ಕುಷ್ಟಗಿ
2 ಮಾರ್ಚ್ 1939

ಅಪ್ಪಾ,

ಬುಧವಾರದ ಗಾಡಿಗೆ ಬರುತ್ತೇನೆ. ಕುಬೇರಪ್ಪಣ್ಣನಿಗೆ ತಿಳಿಸು.

ಹುಲಿಗವ್ವ


ನವಲಿ
10 ಮಾರ್ಚ್ 1939

ಮನೆಯವರಿಗೆ,

ಸುಖವಾಗಿ ಬಂದು ತಲುಪಿದೆ. ಗಾಡಿ ಹತ್ತಿಸುವಾಗ ನೀವು, “ಅಂವ ಹೊಟ್ಟ್ಯಾಗ ಸಿಟ್ಟು ಇಟ್ಕೊಂಡು ಕರದಿದ್ರ ಏನ್ ಮಾಡ್ತಿ?” ಎಂದು ಕೇಳಿದ್ದಿರಿ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಾನು ಅಲ್ಲಿಗೆ ಬಂದು ಬಾಯಿಂದ ಹೇಳಲು ಹೋದರೆ ಅರ್ಧಕ್ಕೆ ಅಳು ಬಂದೀತು.

ನಿನ್ನೆ ಬೆಳಿಗ್ಗೆ ಹೊತ್ತು ಮೇಲೇರುವ ಮೊದಲೇ ಅವನು ಬಂದ. ಮೂರು ವರ್ಷದ ಮೇಲೆ ಅವನನ್ನು ನೋಡಿದ್ದು. ಎಡದವಡೆ ಒಳಕ್ಕೆ ಸರಿದಿದೆ. ಮಾತಾಡುವಾಗ ಗಾಳಿ ಸೋರುತ್ತದೆ. “ಆರಾಮ ಅದೀ ಏನವ್ವಾ ತಂಗಿ,” ಎಂದ. ನಾನು ಹೂಂ ಎಂದೆ. ಕ್ಷಮೆ ಕೇಳಬೇಕೆಂದುಕೊಂಡು ಬಂದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದೆ.

ಅಪ್ಪ ಹೆದೆ ಏರಿಸಿ ಬಿಲ್ಲನ್ನು ನನ್ನ ಕೈಗೆ ಕೊಟ್ಟ. ಬೀಸುವ ಕಲ್ಲು ತಿರುವಿದ ಕೈ ನನ್ನದು, ಭಾರ ಎನಿಸಲಿಲ್ಲ. ಗೂಟ ಬೇಡ, ಕೈಯಲ್ಲೇ ಎಳೆಯಲಿ ಎಂದು ಕುಬೇರಪ್ಪ ಹೇಳಿದ್ದ. ಅವ್ವ ಬಾಗಿಲಲ್ಲಿ, ಮಲಿಕಸಾಬ ಕಾಕಾ ಕಟ್ಟೆಯ ಮೇಲೆ. ಕುಬೇರಪ್ಪ ಬೂದಿಯ ಗೆರೆಯಾಚೆ, ನಾನು ಹತ್ತು ವರ್ಷ ನಿಂತ ಜಾಗದಲ್ಲಿ.

“ಎಳಿ,” ಎಂದ.

ಹೊರಗೆ ನಿಂತವಳಿಗೆ ಎಂದೂ ತಿಳಿಯದ ಒಂದು ಸಂಗತಿ ನನಗೆ ಆಗ ತಿಳಿಯಿತು. ಎಳೆಯುವವರಿಗೆ ಬಿಲ್ಲು ಕಾಣುವುದೇ ಇಲ್ಲ. ಒಂದು ತೋಳು ತಲೆಯ ಮೇಲೆಲ್ಲೋ, ಇನ್ನೊಂದು ಮಂಡಿಯ ಕೆಳಗೆಲ್ಲೋ. ಮರ ಒಳಗೊಳಗೇ ಕಿರುಗುಟ್ಟುವುದು ಕೇಳುತ್ತದೆ, ಅದು ಬಾಗುವ ಸದ್ದೋ ಒಡೆಯುವ ಸದ್ದೋ ತಿಳಿಯುವುದಿಲ್ಲ. ಕಾಣುವುದು ಎದುರು ನಿಂತವರ ಮುಖ ಒಂದೇ. ಅಪ್ಪ ಹತ್ತು ವರ್ಷ ನನ್ನ ಮುಖ ನೋಡುತ್ತ ಎಳೆದಿದ್ದ. ಆ ದಿನ ನನ್ನ ಮುಖ ಬಾಗಿಲ ಕಡೆಗಿದ್ದದ್ದು ಅವನಿಗೆ ಕಂಡಿರಲೇಬೇಕು.

“ಇನ್ನೂ ಎಳಿ,” ಎಂದ ಕುಬೇರಪ್ಪ. ಎದೆಯವರೆಗೆ ಬಂತು. “ಇನ್ನೂ.” ಮೇಲಿನ ತೋಳು ಈಗ ನನ್ನ ಬಾಯಿಗೆ ಸರಿಯಾಗಿ ಎಲ್ಲಿದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಕಣ್ಣು ಮುಚ್ಚಬೇಕೆನಿಸಿತು. ಮುಚ್ಚಲಿಲ್ಲ. ಅವನು ಎರಡು ಹೆಜ್ಜೆ ಮುಂದೆ ಬಂದ, ಗೆರೆ ದಾಟಿ. ತಲೆ ಸ್ವಲ್ಪ ವಾಲಿಸಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಹೊಲ ಕಾಯುವವರು ಹಕ್ಕಿ ನೋಡುವ ಹಾಗೆ, ಕಣ್ಣು ಕಿರಿದು ಮಾಡಿ, ಒಂದೊಂದೇ ಗೇಣು. ಅಪ್ಪ ಅವನ ಕಡೆ ನೋಡದೆ ನೆಲ ನೋಡುತ್ತಿದ್ದ. ನನ್ನ ಭುಜ ಉರಿಯತೊಡಗಿತು. ಸಮ ಎಂದುಬಿಟ್ಟರೆ ಸಾಕು, ಏನಾಗುವುದೋ ಆಗಲಿ ಎನ್ನುವಷ್ಟು.

“ಇಳಸು,” ಎಂದ.

ನನಗೆ ಅರ್ಥವಾಗಲಿಲ್ಲ.

“ಇಳಸು ತಂಗಿ, ಸಾವಕಾಶ. ಒಮ್ಮೆಲೆ ಬಿಡಬ್ಯಾಡ. ಕೆಳಗಿನ ತುದಿ ಬಿಚ್ಚಕೊಳ್ಳವಲ್ದು. ಭಾರ ಎಲ್ಲಾ ಮ್ಯಾಲ ಬಿದ್ದೈತಿ.”

ಇಳಿಸಿದೆ. ಅಪ್ಪ ಓಡಿ ಬಂದು ಕೆಳಗಿನ ತೋಳು ಸವರಿ ನೋಡಿದ. ಕೆಂಡಕ್ಕೆ ಹಿಡಿದು ತಿರುಗಿಸಿದ ಆ ತುದಿ ಪೂರ್ತಿ ಎಳೆತಕ್ಕೆ ತೆರೆದುಕೊಳ್ಳಬೇಕು, ಅದು ಗಂಟುಮುಖ ಹಾಕಿಕೊಂಡೇ ಇತ್ತಂತೆ. ನಮ್ಮ ದಾರಗಳು ಸುಳ್ಳು ಹೇಳಿರಲಿಲ್ಲ. ಆದರೆ ಅವು ಅರ್ಧ ಎಳೆತದ ದಾರಗಳು. ಅದರಾಚೆಯದು ಅವುಗಳಿಗೆ ಗೊತ್ತಿರಲಿಲ್ಲ, ಅಪ್ಪನಿಗೂ ನನಗೂ ಹೊಳೆದಿರಲಿಲ್ಲ. ಇನ್ನು ನಾಲ್ಕು ಬೆರಳು ಎಳೆದಿದ್ದರೆ ಮುರಿಯುತ್ತಿತ್ತು.

ಕುಬೇರಪ್ಪ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡ. ಎಳೆದವಳು ನಾನು, ಬೆವರು ಅವನಿಗೆ. ಕಾಕಾ ನೀರು ಕೊಟ್ಟರು. ತಂಬಿಗೆ ಬಾಯಿಗೆ ಹಿಡಿದರೆ ಎಡಗಡೆಯಿಂದ ಸೋರುತ್ತದೆ, ಅದಕ್ಕೆ ತಲೆ ವಾಲಿಸಿ ಕುಡಿಯುತ್ತಾನೆ. ಕುಡಿದು, ನನ್ನ ಕಡೆ ನೋಡದೆ ಹೇಳಿದ:

“ಇಲ್ಲಿ ಬರೂತನಕ ಏನ್ ಹೇಳಬೇಕು ಅನ್ನೂದು ನನಗೂ ಗೊತ್ತಿರಲಿಲ್ಲ ನೋಡವ್ವಾ. ನೋಡಾಕ ನಿಂತ ಮ್ಯಾಲ ಕಂಡದ್ದ ಬಾಯಿಗೆ ಬಂತು.”

ಅವ್ವ ಅವನಿಗೆ ಜೋಳದ ಅಂಬಲಿ ಕೊಟ್ಟಳು. ರೊಟ್ಟಿ ಅಗಿಯಲು ಬರುವುದಿಲ್ಲ ಎಂದು ಅವನು ಹೇಳುವ ಮೊದಲೇ ಕೊಟ್ಟಳು. ಅವನು ಹೋಗುವಾಗ ನಾನು ಅವನ ಕಾಲಿಗೆ ಬಾಗಿದೆ. “ಏ, ಬಿಡ,” ಎಂದು ಹಿಂದೆ ಸರಿದ. ಅಷ್ಟೇ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಯುಗಾದಿಗೆ ಇನ್ನು ಹನ್ನೊಂದು ದಿನ. ಸೋಮವಾರ ಬರುತ್ತೇನೆ ಎಂದಿದ್ದೆ, ಬರಲಾಗುವುದಿಲ್ಲ. ತುದಿಯನ್ನು ಮತ್ತೆ ಕಾಯಿಸಬೇಕು, ಕೆಳಗಿನ ತೋಳನ್ನು ಕೊನೆಯವರೆಗೆ ಹೆರೆಯಬೇಕು. ದಿನಾ ಬೆಳಿಗ್ಗೆ ಕುಬೇರಪ್ಪ ಬರುತ್ತಾನೆ. ಒಂದು ಸಲ ಅವನು ಎಳೆಯುವುದು ನಾನು ನೋಡುವುದು, ಒಂದು ಸಲ ನಾನು ಎಳೆಯುವುದು ಅವನು ನೋಡುವುದು ಎಂದು ಮಾತಾಗಿದೆ. ಅತ್ತೆಯವರಿಗೆ ನೀವೇ ಹೇಗಾದರೂ ಹೇಳಿರಿ. ಹಿತ್ತಲ ಮಡಕೆಯಲ್ಲಿ ಹುಣಸೆಹಣ್ಣು ಇದೆ, ಗಂಗಾಳದ ಕೆಳಗೆ ಹಪ್ಪಳ ಇವೆ.

ಹುಲಿಗವ್ವ